ಮೈನಸ್ ಏಳರ ಸಾಕ್ಷಿ

"ಕನ್ನಡಕ ಇಳಿಸಿ ಮೇಷ್ಟ್ರೇ. ಮೀನುಗಳೇನು ನಿಮ್ಮ ಹತ್ರ ಪಾಠ ಹೇಳಿಸ್ಕೊಳ್ಳೋಕೆ ಬರ್ತಿಲ್ಲ!"

ದೋಣಿ ತಾತ ಅಂಗೈ ಚಾಚಿದರು. ಕಯಾಕ್ ಶೆಡ್ಡಿನ ಮುಂದೆ ಸಾಲಾಗಿ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಲೆಕ್ಕದ ಮೇಷ್ಟ್ರು ಮಾತ್ರ ನಗಲಿಲ್ಲ. ಎರಡೂ ಕೈಯಿಂದ ಕನ್ನಡಕ ತೆಗೆದು, ನಿದ್ದೆ ಹೋದ ಕೂಸನ್ನು ಬೇರೆಯವರ ಮಡಿಲಿಗೆ ಹಾಕುವ ಹಾಗೆ ಆ ಅಂಗೈ ಮೇಲಿಟ್ಟರು.

ತಾತ ಅದನ್ನು ನೋಡಲೂ ಇಲ್ಲ. ಹೆಬ್ಬೆರಳಿನಿಂದ ಗಾಜಿನ ಅಂಚು ಸವರಿದರು, ಕಡ್ಡಿ ಮಡಿಸಿದರು, ಹತ್ತಿ ಹಾಸಿದ ತಗಡಿನ ಡಬ್ಬಿಯಲ್ಲಿ ಮಲಗಿಸಿದರು. "ಅಬ್ಬಬ್ಬಾ, ಸೋಡಾ ಬಾಟ್ಲಿ ತಳ! ಮೇಷ್ಟ್ರದ್ದು ಎಡಗಡೆ ಮೂಲೆ. ಮುಂದೆ ಬನ್ನಿ."

ಒಂದೇ ಬೇಸಿಗೆಯಲ್ಲಿ ಸಮುದ್ರ ಹನ್ನೊಂದು ಕನ್ನಡಕ ನುಂಗಿದ ಮೇಲೆ ಇಲ್ಲಿ ಈ ಕಾನೂನು ಬಂದದ್ದು. ಶೆಡ್ ದಾಟಿದ ಮೇಲೆ ಯಾರ ಮೂಗಿನ ಮೇಲೂ ಕನ್ನಡಕ ಇರಕೂಡದು. ಡಬ್ಬಿಗೆ ತಾತನೇ ಕಾವಲು. ವಾಪಸ್ ಬಂದವರಿಗೆ ತಡವಿ ತೆಗೆದು ಕೊಡುತ್ತಾರೆ. ಒಂದು ದಿನವೂ ಒಬ್ಬರದು ಇನ್ನೊಬ್ಬರಿಗೆ ಹೋಗಿಲ್ಲ.

ಸಾಲಿನ ಕೊನೆಯಲ್ಲಿದ್ದ ಕನ್ನಡಕದಮ್ಮ ಇದನ್ನೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಮೂವತ್ತೆರಡು ವರ್ಷ ಕನ್ನಡಕದಂಗಡಿ ನಡೆಸಿದ ಹೆಂಗಸು. ಗಿರಾಕಿ ಮೆಟ್ಟಿಲು ಹತ್ತುವ ರೀತಿ ನೋಡಿಯೇ ನಂಬರ್ ಹೇಳಿಬಿಡುತ್ತಿದ್ದರು. ಆದರೆ ಬೆರಳಲ್ಲಿ ಗಾಜು ಓದುವ ವಿದ್ಯೆ ಅವರಿಗೂ ಬರದು.

"ನಿಮ್ಮದು?" ತಾತ ತಲೆ ಓರೆ ಮಾಡಿ, ಅವರ ಕಿವಿಯ ಪಕ್ಕಕ್ಕೆ ಎಲ್ಲೋ ನೋಡುತ್ತ ಕೇಳಿದರು. ಪಾಪ, ಹೆಂಗಸರ ಮುಖ ದಿಟ್ಟಿಸಿ ನೋಡದ ಹಳೇ ಕಾಲದ ಸಂಕೋಚ ಎಂದುಕೊಂಡರು ಕನ್ನಡಕದಮ್ಮ. ಕೊರಳ ದಾರದಿಂದ ಕನ್ನಡಕ ಬಿಚ್ಚಿ ಕೊಟ್ಟರು.

"ಓದೋ ಕನ್ನಡಕ. ಅಂದ್ರೆ ದೂರದ್ದು ಚೆನ್ನಾಗಿ ಕಾಣತ್ತೆ ಅಂತಾಯ್ತು."

"ದೂರದ್ದಾ? ಪಕ್ಕದೂರಿನ ಒಲೆ ಹೊಗೇನೂ ಕಾಣತ್ತೆ ತಾತಾ."

"ಹತ್ತಿರದ್ದು ಮಾತ್ರ ಕಾಣಲ್ಲ," ಎಂದರು ಹಿಂದಿನಿಂದ ಅವರ ಯಜಮಾನರು. "ನಲವತ್ತು ವರ್ಷದಿಂದ ಮಗ್ಗುಲಲ್ಲೇ ಕೂತಿದೀನಿ, ಒಂದ್ಸಲ ಕಂಡಿದ್ರೆ ಕೇಳಿ."

ನಗು ಅಡಗಿದ ಮೇಲೆ ತಾತ ಕನ್ನಡಕದಮ್ಮನ ಕಡೆ ಬಾಗಿ ದನಿ ತಗ್ಗಿಸಿದರು. "ತಾಯಿ, ನಾಳೆ ಹತ್ತು ಗಂಟೆಗೆ. ಮರೀಬೇಡಿ."

ಮರೆಯುವುದುಂಟೇ? ಕಳೆದ ಭಾನುವಾರ, ಈಜುವವರಿಗೆ ಗಡಿ ತೋರಿಸುವ ಹಳದಿ ಚೆಂಡು ಕಪ್ಪು ಬಂಡೆಯ ಆಚೆ ತೇಲುತ್ತಿತ್ತು. ಅದನ್ನು ನಂಬಿ ಈಜಿದ ಒಂದು ಸಂಸಾರ ಸೆಳವಿಗೆ ಸಿಕ್ಕಿತ್ತು. ತಾತನ ಮಗಳು, ಅಂದರೆ ಎಲ್ಲರ ಗೈಡಮ್ಮ, ಹೋಗಿ ಮೂವರನ್ನೂ ಎಳೆತಂದಿದ್ದಳು. ಒಂದು ಮೊಣಕಾಲು ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಆದರೂ ಬಂದರು ಕಚೇರಿ ಸುಮ್ಮನಿರುತ್ತದೆಯೇ? ಮಕ್ಕಳು ಮರಿಗಳನ್ನು ಸಮುದ್ರಕ್ಕೆ ಕರೆದೊಯ್ಯುವ ಪರವಾನಗಿ ಅವಳ ಕೈಯಲ್ಲಿ ಉಳಿಯುತ್ತದೋ ಇಲ್ಲವೋ, ನಾಳೆ ತೀರ್ಮಾನ.

ಅವಳ ವಿರುದ್ಧ ಇದ್ದದ್ದು ಒಂದೇ ಒಂದು ಕಾಗದ. ಲೆಕ್ಕದ ಮೇಷ್ಟ್ರ ಕೈಬರಹ, ಗೆರೆ ಎಳೆದ ಹಾಗೆ ನೇರ. "ಎಂಟು ಗಂಟೆಗೆ ಕಯಾಕಿನಲ್ಲಿ ಕುಳಿತಿದ್ದಾಗ, ಗೈಡ್ ತಾನೇ ಹಳದಿ ಚೆಂಡನ್ನು ಕಪ್ಪು ಬಂಡೆಯ ಆಚೆ ಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ."

"ಶುದ್ಧ ಸುಳ್ಳು!" ಎಂದು ತಾತ ಮೊನ್ನೆ ಕನ್ನಡಕದಮ್ಮನ ಮನೆಗೇ ಬಂದು ಮೇಜು ಗುದ್ದಿದ್ದರು. "ಚೆಂಡು ಬಿಡೋದು ನಾನು. ದಿನಾ ಆರೂವರೆಗೆ. ಬಂಡೆ ಮೂಗು, ಗುಡ್ಡದ ಮೇಲಿನ ಬಿಳೀ ಟ್ಯಾಂಕು, ಎರಡೂ ಒಂದೇ ಗೆರೆಗೆ ಬಂದ ಕಡೆ ಕಲ್ಲು ಇಳಿಸ್ತೀನಿ. ನಲವತ್ತು ವರ್ಷದಿಂದ ಗೆರೆ ತಪ್ಪಿಲ್ಲ. ನಾನು ಬಂದ ಮೇಲೆ ಯಾರೋ ಸರಿಸಿದಾರೆ, ಆ ಮೇಷ್ಟ್ರ ಕೈಲಿ ಸುಳ್ಳೂ ಬರೆಸಿದಾರೆ. ಯಾರು ಅಂತ ಹುಡುಕಿಕೊಡಿ ತಾಯಿ."

ಕನ್ನಡಕದಮ್ಮನ ಅನುಮಾನವೆಲ್ಲ ಆಚೆ ದಡದ ಮೋಟರ್ ಬೋಟಿನವನ ಮೇಲಿತ್ತು. ಈ ಕಯಾಕಿನವರು ಬಂದ ಮೇಲೆ ಅವನ ಬೋಟಿಗೆ ಜನ ಕಡಿಮೆಯಾಗಿತ್ತು. ಮೇಷ್ಟ್ರು ಅವನ ಪರಿಚಯದವರೇ ಇರಬೇಕು ಎಂದು ಲೆಕ್ಕ ಹಾಕಿ, ಅವರನ್ನೂ ಅವರ ಮಗಳನ್ನೂ ಇನ್ನೊಂದು ಸಲ ಕರೆಸಿ ಎಂದು ಹೇಳಿದ್ದು ಅವರೇ. ಕರೆದದ್ದೇ ತಡ, ಮಗಳು ಅಪ್ಪನನ್ನು ಎಳೆದುಕೊಂಡು ಬಂದಿದ್ದಳು.

ಒಂದು ಸಂಗತಿ ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಇವತ್ತು ಕನ್ನಡಕದಮ್ಮ ಬೇಕೆಂದೇ ಏಳಕ್ಕೆ ಮೊದಲೇ ಬಂದಿದ್ದರು. ತಾತ ಚೆಂಡು ಬಿಟ್ಟು ಬಂದು, ಶೆಡ್ಡಿನೊಳಗೆ ಲೈಫ್ ಜಾಕೆಟ್ ಎಣಿಸುತ್ತಿದ್ದರು. ಅಷ್ಟು ಹೊತ್ತಿನಲ್ಲಿ ಗೈಡಮ್ಮ ಒಬ್ಬಳೇ ಈಜಿಕೊಂಡು ಹೋಗಿ ಆ ಚೆಂಡಿನ ಹಗ್ಗ ಹಿಡಿದಿದ್ದಳು. ಕನ್ನಡಕದಮ್ಮನನ್ನು ಕಂಡು ತಟ್ಟನೆ ಬಿಟ್ಟಳು.

"ಬೆಳಗಿನ ವ್ಯಾಯಾಮ ಆಂಟಿ," ಎಂದು ಕೂದಲು ಹಿಂಡುತ್ತ ನಕ್ಕಿದ್ದಳು. ಆ ನಗು ಕಣ್ಣಿನ ತನಕ ಹೋಗಲಿಲ್ಲ.

*

"ಹುಟ್ಟನ್ನ ಚಮಚದ ಹಾಗೆ ಹಿಡೀಬೇಡಿ ಅಂಕಲ್. ಸಮುದ್ರ ಕಲಕೋಕೆ ಬಂದಿಲ್ಲ ನಾವು."

ಗೈಡಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಪಾಠ ಶುರು ಮಾಡಿದ್ದಳು. ಬೆನ್ನು ಸಮುದ್ರದ ಕಡೆ, ಮುಖ ಕಲಿಯುವವರ ಕಡೆ. ಗಾಳಿ ಇಲ್ಲ. ನೀರು ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಒಬ್ಬರ ಹುಟ್ಟು ತಲೆಕೆಳಗು, ಇನ್ನೊಬ್ಬರ ಕಯಾಕ್ ಹಿಂದುಮುಂದು. ಒಬ್ಬ ತಾಯಿ ಮಕ್ಕಳಿಬ್ಬರಿಗೂ ಬೈಯುತ್ತ ತಾನೇ ದೊಪ್ಪನೆ ನೀರಿಗೆ ಕೂತಳು. ಆಮೇಲೆ ಏಳಲೇ ಮನಸ್ಸಾಗದೆ ಅಲ್ಲೇ ಕೂತು ನಗತೊಡಗಿದಳು.

"ಮಾಸ್ಕಿಗೆ ಉಗೀರಿ ಎಲ್ಲರೂ. ಹೌದು, ಥೂ ಅಂತ ಉಗೀರಿ! ಉಜ್ಜಿ, ತೊಳೀರಿ. ಇಲ್ಲದಿದ್ರೆ ಗಾಜು ಮಂಜಾಗತ್ತೆ. ಮನೇಲಿ ಉಗಿದ್ರೆ ಏಟು, ಇಲ್ಲಿ ಶಭಾಸ್."

ಮಕ್ಕಳ ಆನಂದ ಹೇಳತೀರದು.

ಈ ಗಲಾಟೆಯಲ್ಲಿ ಕನ್ನಡಕದಮ್ಮ ಮತ್ತು ಯಜಮಾನರು ತಮ್ಮ ಜೋಡಿ ಕಯಾಕನ್ನು ಮೆಲ್ಲಗೆ ಹೊರಗೆ ನಡೆಸಿದರು. ಕಳೆದ ವರ್ಷವೇ ಕಲಿತ ವಿದ್ಯೆ. ಜಗಳವಾಡದೆ ಹುಟ್ಟು ಹಾಕುವುದನ್ನು ಮಾತ್ರ ಇನ್ನೂ ಕಲಿತಿರಲಿಲ್ಲ.

"ಎಡ, ಎಡ ರೀ!"

"ನಾನು ಎಡಾನೇ ಹಾಕ್ತಿರೋದು. ನೀನು ಬಲ ನಿಲ್ಲಿಸು."

ಹಾಗೂ ಹೀಗೂ ಚೆಂಡಿನ ಹತ್ತಿರ ತಲುಪಿದರು. ಕುಂಬಳಕಾಯಿ ಗಾತ್ರದ ಹಳದಿ ಚೆಂಡು, ಅದರಡಿ ಹಗ್ಗ, ಹಗ್ಗದ ತುದಿಗೆ ಕಲ್ಲು. ಯಜಮಾನರು ಉಸ್ಸಪ್ಪಾ ಎನ್ನುತ್ತ ಕಲ್ಲು ಸಮೇತ ಮೇಲೆಳೆದರು. ಕನ್ನಡಕದಮ್ಮ ಅದನ್ನು ಕಾಲ ಬಳಿ ಇಟ್ಟುಕೊಂಡು ಟವೆಲ್ ಹೊದಿಸಿದರು.

"ಈ ವಯಸ್ಸಲ್ಲಿ ಕಳ್ಳತನ," ಎಂದರು ಯಜಮಾನರು.

"ಸುಮ್ನೆ ಹುಟ್ಟು ಹಾಕ್ರೀ. ಯಾರೂ ಆಳಕ್ಕೆ ಇಳಿಯೋ ಮೊದಲೇ ಮುಗಿಸ್ಬೇಕು."

ಮೇಷ್ಟ್ರ ಕಯಾಕ್ ಗುಂಪಿನಿಂದ ಸ್ವಲ್ಪ ದೂರದಲ್ಲಿ ಒಂದೇ ಕಡೆ ಸುತ್ತುತ್ತಿತ್ತು. ಮುಂದೆ ಎಂಟು ವರ್ಷದ ಮಗಳು, ಎದುರಿನ ಎರಡು ಹಲ್ಲಿಲ್ಲ. ಹಿಂದೆ ಮೇಷ್ಟ್ರು, ಕಣ್ಣು ಕಿರಿದು ಮಾಡಿಕೊಂಡು.

"ಅಜ್ಜಿ, ಹೋದ ವಾರ ನಮ್ಮಪ್ಪ ಗಿಳಿ ಬಣ್ಣದ ಮೀನು ನೋಡಿದ್ರು! ಆಮೆನೂ ನೋಡಿದ್ರು! ಅಲ್ವಾಪ್ಪಾ?"

"ಹೂಂ ಪುಟ್ಟಿ. ನೋಡಿದೆ."

ಆ ಹೂಂ ಎಷ್ಟು ಸಣ್ಣಗಿತ್ತೆಂದರೆ, ಕನ್ನಡಕದಮ್ಮನ ಅಂಗಡಿಗೆ ಬಂದ ಗಿರಾಕಿ ಅಕ್ಷರದ ಹಲಗೆಯ ಕೊನೇ ಸಾಲನ್ನು ಊಹಿಸಿ ಹೇಳುವಾಗಿನ ದನಿಯಷ್ಟು. ಆ ದನಿಗೆ ಅವರು ಒಂದು ದಿನವೂ ಮೋಸ ಹೋದವರಲ್ಲ.

ಯಜಮಾನರಿಗೆ ಕಣ್ಣಲ್ಲೇ ಸನ್ನೆಯಾಯಿತು. "ಪುಟ್ಟಿ, ನನಗೆ ಹುಟ್ಟು ಹಿಡಿಯೋಕೆ ಬರಲ್ಲ ಅಂತ ಅಜ್ಜಿ ಬೈತಾಳೆ. ಸ್ವಲ್ಪ ಹೇಳ್ಕೊಡು ಬಾ." ಎರಡೂ ಕಯಾಕುಗಳನ್ನು ಮಗ್ಗುಲಿಗೆ ಮಗ್ಗುಲು ಸೇರಿಸಿ, ಮುಂದಿನವರಿಬ್ಬರೂ ಹುಟ್ಟಿನ ಪಾಠಕ್ಕೆ ಬಿದ್ದರು. ಹಿಂದಿನವರಿಬ್ಬರು ಅಕ್ಕಪಕ್ಕವಾದರು.

"ಮೇಷ್ಟ್ರೇ, ಅವತ್ತು ಚೆಂಡು ಕಂಡಿದ್ದು ಇಲ್ಲಿಂದಾನೇ ಅಲ್ವಾ?"

"ಹೌದು ಮೇಡಂ. ಎಲ್ಲಾ ಬರೆದು ಕೊಟ್ಟಿದೀನಲ್ಲ."

"ಈಗ್ಲೂ ಕಾಣತ್ತಾ?"

ಮೇಷ್ಟ್ರು ಬಂಡೆಯ ದಿಕ್ಕಿಗೆ ಮುಖ ತಿರುಗಿಸಿದರು. "ಕಾಣದೇ ಏನು? ಅಲ್ಲೇ ಇದೆಯಲ್ಲ. ಬಂಡೆಯಿಂದ ಈಚೆ. ಹಳದಿ."

"ಅಲೆಗೆ ಅಲ್ಲಾಡ್ತಿದೆಯಾ?"

"ಸ್ವಲ್ಪ... ಸ್ವಲ್ಪ ಅಲ್ಲಾಡ್ತಿದೆ."

ಕನ್ನಡಕದಮ್ಮ ಬಾಗಿ ಟವೆಲ್ ಸರಿಸಿದರು. ಚೆಂಡನ್ನು ಎತ್ತಿ, ಮೇಷ್ಟ್ರ ಮೂಗಿಗೆ ಒಂದು ಗೇಣು ದೂರದಲ್ಲಿ ಹಿಡಿದರು. ನೀರು ಅವರ ಮಂಡಿಯ ಮೇಲೆ ತೊಟ್ಟಿಕ್ಕಿತು.

ಮೇಷ್ಟ್ರ ಮುಖ ನೋಡಬೇಕಿತ್ತು. ಕರಿಹಲಗೆಯ ಮೇಲಿನ ಲೆಕ್ಕವನ್ನು ಯಾರೋ ಹಿಂದಿನಿಂದ ಬಂದು ಒರೆಸಿಹಾಕಿದಂತಿತ್ತು.

"ಮೈನಸ್ ಏಳು," ಎಂದರು ಕನ್ನಡಕದಮ್ಮ ಮೆತ್ತಗೆ. "ಹೆಚ್ಚಿದ್ರೆ ಏಳೂವರೆ. ಕನ್ನಡಕ ಡಬ್ಬೀಲಿ. ಆ ಬಂಡೇನೇ ನಿಮಗೆ ಒಂದು ಮೋಡ. ಇನ್ನು ಚೆಂಡು ಯಾವುದು, ಅದನ್ನ ಬಿಟ್ಟ ಕೈ ಯಾರದ್ದು ಅಂತ ನಿಮಗೆ ಹೇಗೆ ಕಾಣಬೇಕು? ಬೋಟಿನವನು ಏನಂದ ನಿಮಗೆ?"

"ಯಾವ ಬೋಟಿನವನು?"

"ನಾಟಕ ಬೇಡ ಮೇಷ್ಟ್ರೇ. ಒಂದು ಹೆಣ್ಣುಮಗಳ ಬದುಕು ನಿಮ್ಮ ನಾಲ್ಕು ಸಾಲಿನ ಮೇಲೆ ನಿಂತಿದೆ."

"ದೇವರಾಣೆ, ನನಗೆ ಯಾವ ಬೋಟಿನವನೂ ಗೊತ್ತಿಲ್ಲ." ಮೇಷ್ಟ್ರು ಮಗಳ ಕಡೆ ನೋಡಿ ದನಿ ಇಳಿಸಿದರು. "ಮೇಡಂ, ನನ್ನ ಮಗಳು ಆ ದಿನಕ್ಕೆ ಒಂದು ವರ್ಷ ಕಾದಿದ್ಲು. ಅಪ್ಪಾ, ಇಬ್ಬರೂ ಒಟ್ಟಿಗೆ ಮೀನು ನೋಡೋಣ ಅಂತ. ನೀರೊಳಗೆ ಮುಖ ಇಟ್ಟೆ. ಬರೀ ಹಸಿರು. ಅವಳು ಕೈ ಜಗ್ಗಿ ಜಗ್ಗಿ ತೋರಿಸ್ತಾಳೆ, ನನಗೆ ಏನೂ ಇಲ್ಲ. ಕಾಣಲಿಲ್ಲ ಅಂತ ಹೇಗೆ ಹೇಳ್ಲಿ?"

"ಆಮೇಲೆ?"

"ಗೈಡಮ್ಮನಿಗೆ ಗೊತ್ತಾಗೋಯ್ತು. ನನ್ನ ಪಕ್ಕಾನೇ ಈಜ್ತಾ, ತಲೆ ಎತ್ತಿದಾಗೆಲ್ಲ ಕಿವೀಲಿ ಹೇಳೋಳು. ಈಗ ಗಿಳಿ ಬಣ್ಣದ್ದು ಸಾರ್, ನಿಮ್ಮ ಎಡಕ್ಕೆ. ಈಗ ಆಮೆ ಸಾರ್, ನಿಮ್ಮ ಕೈಯಗಲ. ದಡಕ್ಕೆ ಬಂದು ನಾನು ಮಗಳಿಗೆ ಎಲ್ಲಾ ವರ್ಣಿಸಿದೆ. ಅವಳ ಮುಖ ನೀವು ನೋಡಬೇಕಿತ್ತು." ಮೇಷ್ಟ್ರು ಹುಟ್ಟನ್ನು ಮಡಿಲಿಗೆ ಎಳೆದುಕೊಂಡರು. "ಅಂಥವಳು ಮಾರನೇ ದಿನ ನಮ್ಮನೆಗೆ ಬಂದು ಕೈ ಮುಗಿದು ಒಂದು ಉಪಕಾರ ಕೇಳಿದ್ರೆ, ಇಲ್ಲ ಅನ್ನೋದು ಹೇಗೆ?"

ಕನ್ನಡಕದಮ್ಮನ ಕೈಯಲ್ಲಿ ಚೆಂಡು ನಿಂತಲ್ಲೇ ನಿಂತಿತು. "ಯಾರು ಕೇಳಿದ್ದು?"

"ಅವಳೇ. ಗೈಡಮ್ಮನೇ. ಒಂದೊಂದು ಮಾತೂ ಅವಳೇ ಹೇಳಿ ಬರೆಸಿದ್ದು."

ಆಚೆ ಮೂತಿಯಲ್ಲಿ ಯಜಮಾನರು ಹುಟ್ಟು ತಪ್ಪಾಗಿ ಹಾಕಿದ್ದಕ್ಕೆ ಪುಟ್ಟಿ ತಲೆ ಚಚ್ಚಿಕೊಳ್ಳುತ್ತಿದ್ದಳು. ನಗು ನೀರಿನ ಮೇಲೆ ತೇಲಿ ಬಂತು.

"ತನ್ನ ಮೇಲೇ ತಾನು ದೂರು ಬರೆಸಿದ್ಲಾ?"

"ನಾನೂ ಅದನ್ನೇ ಕೇಳಿದೆ ಮೇಡಂ. ಅವತ್ತು ನೀನು ಚೆಂಡು ಬಿಡೋಕೆ ಹೋಗಲೇ ಇಲ್ವಲ್ಲಮ್ಮ ಅಂದೆ. ಪುಟ್ಟಿಗೆ ನಿದ್ದೆ ಬರದೆ ನಾವು ಆರೂವರೆಗೇ ಬಂದು ಶೆಡ್ಡಿನ ಮುಂದೆ ಕೂತಿದ್ವಿ. ಪಾಪ, ನಮ್ಮನ್ನ ಬಿಟ್ಟು ಹೋಗೋದು ಹೇಗೆ ಅಂತ ಅವಳೂ ನಮ್ಮ ಜೊತೇಲೇ ಕೂತ್ಲು. ಸಮುದ್ರದ ಕಡೆ ನೋಡೋದು, ಗಡಿಯಾರ ನೋಡೋದು. ಏನೋ ಕೆಲಸ ಉಳಿದುಬಿಟ್ಟವರ ಹಾಗೆ."

ಅಷ್ಟರಲ್ಲಿ ಪೀಪಿ ಕೇಳಿಸಿತು. ಮೂರು ಸಲ, ಉದ್ದಕ್ಕೆ.

ಗೈಡಮ್ಮ ಸಮುದ್ರದ ಕಡೆ ತಿರುಗಿದ್ದಳು. ಚೆಂಡಿಲ್ಲದ ನೀರನ್ನು ಒಂದೇ ನೋಟದಲ್ಲಿ ಕಂಡಿದ್ದಳು. "ಎಲ್ಲರೂ ವಾಪಸ್! ಇವತ್ತು ಆಳ ಇಲ್ಲ, ಬಂಡೆಸಾಲಿನ ಒಳಗೇ, ಸೊಂಟದ ನೀರಲ್ಲೇ ಆಟ. ಮೀನುಗಳಿಗೆ ನಾನು ಹೇಳ್ತೀನಿ, ಅವೇ ಇಲ್ಲಿಗೆ ಬರ್ತವೆ!" ಒಬ್ಬರೂ ಗಾಬರಿಯಾಗಲಿಲ್ಲ, ಒಬ್ಬರೂ ಗೊಣಗಲಿಲ್ಲ. ಕೋಳಿ ಮರಿಗಳನ್ನು ಕರೆದ ಹಾಗೆ ಹದಿನಾಲ್ಕು ಜನರನ್ನೂ ನಿಮಿಷದಲ್ಲಿ ಒಳಗೆ ಸೇರಿಸಿಕೊಂಡಳು.

ಇಂಥವಳು ಚೆಂಡು ತಪ್ಪು ಜಾಗಕ್ಕೆ ಬಿಟ್ಟಾಳೇ? ಕನ್ನಡಕದಮ್ಮ ತಮ್ಮನ್ನು ತಾವೇ ಕೇಳಿಕೊಂಡರು. ಬಿಡಲಾರಳು. ಹಾಗಾದರೆ ಇವತ್ತು ಬೆಳಿಗ್ಗೆ ಅಪ್ಪ ಬಂದ ಮೇಲೆ ಈಜಿ ಹೋಗಿ ಆ ಹಗ್ಗ ಹಿಡಿದದ್ದು ಯಾಕೆ?

ಉತ್ತರಕ್ಕೆ ಮೊದಲು ಒಂದು ಕೆಲಸ ಬಾಕಿ ಇತ್ತು. ಅವರು ಚೀಲದಿಂದ ಒಂದು ಮಾಸ್ಕ್ ತೆಗೆದು ಮೇಷ್ಟ್ರ ಮಡಿಲಿಗೆ ಹಾಕಿದರು.

"ಇದೇನು ಮೇಡಂ?"

"ನಮ್ಮ ಹಳೇ ಅಂಗಡೀದು. ಮೊನ್ನೆ ದಾರೀಲಿ ನಿಮ್ಮ ಕನ್ನಡಕ ನೋಡಿ ನಂಬರ್ ಅಂದಾಜು ಮಾಡಿ, ಒಳಗೆ ಮೈನಸ್ ಏಳರ ಗಾಜು ಕೂರಿಸಿದೀನಿ. ನಿಮ್ಮ ಸುಳ್ಳು ಹಿಡಿಯೋಕೆ ತಂದಿದ್ದೆ. ಈಗ ಬೇರೆ ಕೆಲಸಕ್ಕೆ ಬಂತು ಅನ್ನಿ. ಉಗಿಯೋದು ಮರೀಬೇಡಿ."

ಮೇಷ್ಟ್ರು ಸೊಂಟದ ನೀರಿನಲ್ಲಿ ನಿಂತು, ಮಗಳ ಕೈ ಹಿಡಿದು ಮುಖ ಮುಳುಗಿಸಿದರು. ಉಸಿರುಕೊಳವೆಯ ತುದಿಯಿಂದ ಮೊದಲು ಏನೂ ಬರಲಿಲ್ಲ. ಆಮೇಲೆ "ಊಊ!" ಎಂದೊಂದು ಸದ್ದು ಬಂತು. ಐವತ್ತರ ಆಸುಪಾಸಿನ ಗಂಡಸು, ತರಗತಿಯಲ್ಲಿ ಕೆಮ್ಮಿದರೆ ಮಕ್ಕಳು ನಡುಗುವಂಥವರು, ನೀರೊಳಗೆ ಕರುವಿನ ಹಾಗೆ ಕೂಗುತ್ತಿದ್ದರು. ಮಗಳು ಇನ್ನೊಂದು ಕಡೆಯಿಂದ "ಊಊ!" ಎಂದಳು.

"ಕನ್ನಡಕದಂಗಡಿ ಮುಚ್ಚಬಾರದಿತ್ತು ಕಣೇ ನೀನು," ಎಂದರು ಯಜಮಾನರು. ನಲವತ್ತು ವರ್ಷದಲ್ಲಿ ಅವರು ಹೊಗಳಿದ್ದು ಇದು ಮೂರನೇ ಸಲವೋ ನಾಲ್ಕನೆಯದೋ.

*

ಹನ್ನೊಂದಕ್ಕೆ ಎಲ್ಲರೂ ದಡದಲ್ಲಿದ್ದರು. ಒದ್ದೆ ಬಟ್ಟೆ, ಉಪ್ಪು ಕೂದಲು, ಹಸಿದ ಮಕ್ಕಳು. ಶೆಡ್ಡಿನ ನೆರಳಲ್ಲಿ ತಾತ ಡಬ್ಬಿ ತೆರೆದು ಕೂತಿದ್ದರು. ಬಂದವರ ದನಿ ಕೇಳಿದೊಡನೆ ಬೆರಳು ಹೋಗಿ ಸರಿಯಾದ ಕನ್ನಡಕವನ್ನೇ ಎತ್ತುತ್ತಿತ್ತು.

ಬಂದವರ ದನಿ.

ಕನ್ನಡಕದಮ್ಮ ಹೆಜ್ಜೆ ನಿಲ್ಲಿಸಿದರು. ಟವೆಲ್ ಸುತ್ತಿದ ಚೆಂಡು ಅವರ ಕಂಕುಳಲ್ಲಿತ್ತು. ಅವರು ಮಾತಾಡದೆ ತಾತನ ಎದುರಿಗೆ ಹೋಗಿ ನಿಂತರು.

ತಾತ ತಲೆ ಓರೆ ಮಾಡಿದರು. ಅವರ ಕಿವಿಯ ಪಕ್ಕಕ್ಕೆ ನೋಡಿದರು. ಬೆರಳುಗಳು ಡಬ್ಬಿಯ ಮೇಲೆ ಕಾದವು.

"ಯಾರು?"

ಸಂಕೋಚವಲ್ಲ. ಅಯ್ಯೋ, ಇದು ಸಂಕೋಚವೇ ಅಲ್ಲ. ಅಂಗಡಿಗೆ ಇಂಥವರು ಎಷ್ಟು ಜನ ಬಂದಿದ್ದರು! ನೋಟದ ನಟ್ಟನಡುವೆ ಅಳಿಸಿಹೋಗಿ, ಅಂಚು ಮಾತ್ರ ಉಳಿದವರು. ನಡೆದಾಡುತ್ತಾರೆ, ದೋಣಿ ನಡೆಸುತ್ತಾರೆ, ಎಡವುವುದೂ ಇಲ್ಲ. ಆದರೆ ಯಾವುದನ್ನು ನೇರವಾಗಿ ನೋಡುತ್ತಾರೋ ಅದೇ ಕಾಣುವುದಿಲ್ಲ. ಎದುರಿನವರ ಮುಖ ಕಾಣುವುದಿಲ್ಲ. ಗುಡ್ಡದ ಮೇಲಿನ ಬಿಳಿ ಟ್ಯಾಂಕಂತೂ ಕಾಣುವುದೇ ಇಲ್ಲ. ಅದಕ್ಕೇ ಬೆರಳು ಇಷ್ಟು ಜಾಣವಾಗಿತ್ತು. ಅದಕ್ಕೇ ಮಗಳು ದಿನಾ ಅಪ್ಪನ ಹಿಂದೆಯೇ ಈಜಿ ಹೋಗಿ ಚೆಂಡನ್ನು ಸರಿಯಾದ ಜಾಗಕ್ಕೆ ಎಳೆದಿಡುತ್ತಿದ್ದಳು; ಆ ಭಾನುವಾರ ಮಾತ್ರ ಹೋಗಲಾಗಿರಲಿಲ್ಲ.

"ನಾನೇ ತಾತಾ," ಎಂದರು.

"ಓ, ತಾಯಿ!" ಅವರ ಓದುವ ಕನ್ನಡಕ ಅಂಗೈಗೆ ಬಂತು. ತಾತನ ಮುಖ ಅರಳಿತ್ತು. "ನೋಡಿದ್ರಾ ನಮ್ಮ ಚೆಂಡು? ಇವತ್ತು ಎಷ್ಟು ಚೆನ್ನಾಗಿ ನಿಂತಿದೆ! ನಾನು ಬಿಟ್ಟ ಜಾಗದಲ್ಲೇ, ಒಂದು ಗೇಣು ಕದಲಿಲ್ಲ." ಅವರ ತೋರುಬೆರಳು ಖಾಲಿ ನೀರಿನ ಕಡೆ ಚಾಚಿತ್ತು.

ಕಂಕುಳ ಟವೆಲಿನಿಂದ ಮರಳಿನ ಮೇಲೆ ಒಂದೊಂದೇ ಹನಿ ಬೀಳುತ್ತಿತ್ತು.

"ಒಂದು ಸಿಹಿ ಸುದ್ದಿ ತಾಯಿ. ಬಂದರು ಕಚೇರಿಯಿಂದ ಈಗ ತಾನೇ ಫೋನ್ ಬಂದಿತ್ತು. ಮಗಳಿಗೂ ಹೇಳಿಲ್ಲ. ನಾಳೆ ನಾವು ಅಲ್ಲಿಗೆ ಹೋಗೋದೇ ಬೇಡ, ಅಧಿಕಾರಿಗಳೇ ಇಲ್ಲಿಗೆ ಬರ್ತಾರೆ. ನಾನೇ ಕೇಳ್ಕೊಂಡೆ. ಎಲ್ಲರ ಎದುರಿಗೆ ಚೆಂಡು ಬಿಟ್ಟು ತೋರಿಸ್ತೀನಿ ಅಂದೆ. ಗೆರೆ ತಪ್ಪಿದ್ರೆ ಪರವಾನಗಿ ಅಲ್ಲೇ ಹರಿದುಹಾಕಿ ಅಂದೆ. ಒಪ್ಪಿದಾರೆ!"

ತಾತನ ಬೆನ್ನ ಹಿಂದೆ ಹಗ್ಗ ಸುತ್ತುತ್ತಿದ್ದ ಗೈಡಮ್ಮನ ಕೈ ನಿಂತುಹೋಯಿತು. ಅವಳು ಕನ್ನಡಕದಮ್ಮನನ್ನು ನೋಡಿದಳು, ಟವೆಲನ್ನು ನೋಡಿದಳು. ಹಗ್ಗ ಕೆಳಗೆ ಬಿತ್ತು. ಸದ್ದಿಲ್ಲದೆ ಎರಡೂ ಕೈ ಜೋಡಿಸಿದಳು. ಹೇಳಬೇಡಿ ಎಂದು ತಲೆ ಆಡಿಸಿದಳು.

"ಈಗ ಹೇಳಿ," ಎಂದರು ತಾತ, ಮಗುವಿನ ಉತ್ಸಾಹದಲ್ಲಿ ಮುಂದಕ್ಕೆ ಬಾಗಿ. "ಚೆಂಡು ಸರಿಸೋ ಆ ಕೈ ಯಾರದ್ದು, ಸಿಕ್ತಾ?"

ಕನ್ನಡಕದಮ್ಮ ಕನ್ನಡಕ ಏರಿಸಿಕೊಂಡರು. ಎರಡು ಮೊಳ ದೂರದಲ್ಲಿ ಇಬ್ಬರ ಮುಖವೂ ಈಗ ಸ್ಪಷ್ಟವಾಗಿ ಕಾಣುತ್ತಿತ್ತು.

"ಸಿಕ್ತು ತಾತಾ," ಎಂದುಬಿಟ್ಟರು, ಬಾಯಿ ತಡೆಯುವ ಮೊದಲೇ.

ತಾತ ಡಬ್ಬಿಯ ಮುಚ್ಚಳ ಹಾಕಿದರು. "ಯಾರು?"